‘ಬೆಲೆ ಒಂಬತ್ತೂವರೆ ಲಕ್ಷ, ಸ್ವಲ್ಪ ಹೆಚ್ಚುಕಮ್ಮಿ’: ಹಳೇ ಕಾರಿನ ಜಾಹೀರಾತಿಗೊಂದು ವ್ಯಾಖ್ಯಾನ

ಹಳೇ ಕಾರು ಮಾರುವವರ ಜಾಹೀರಾತುಗಳನ್ನು ಸಾಲಾಗಿ ಓದುತ್ತ ಹೋದರೆ, ಎಲ್ಲವನ್ನೂ ಒಬ್ಬನೇ ಗುಮಾಸ್ತ ಕೂತು ಬರೆದಿದ್ದಾನೇನೋ ಅನ್ನಿಸುತ್ತದೆ. ಊರು ಬೇರೆ, ಕಾರು ಬೇರೆ, ಮಾತು ಮಾತ್ರ ಅದೇ. ಕೆಳಗಿರುವುದು ಯಾರೋ ಒಬ್ಬರ ಜಾಹೀರಾತಲ್ಲ. ಅಂಥ ಹಲವನ್ನು ಕಲಸಿ ನಾನೇ ಕಟ್ಟಿದ್ದು. ಅದರೊಳಗಿನ ಮೊತ್ತಗಳೂ ಉದಾಹರಣೆಗಾಗಿ ಹಾಕಿದವು. ಕಾರು ಮಾತ್ರ ಎಲ್ಲರಿಗೂ ಗುರುತಿರುವ ಫಿಯಟ್.

ಮೂಲ ಹೀಗಿದೆ:

ಮಾರಾಟಕ್ಕಿದೆ: 1966ರ ಫಿಯಟ್ 1100 ಡಿಲೈಟ್, ಅಪರೂಪದ ವಿಂಟೇಜ್ ಕಾರು.
ಒಂದೇ ಕುಟುಂಬದ ಕೈಯಲ್ಲಿದೆ. ಎಂವೈ ಸರಣಿಯ ಹಳೇ ನಂಬರು.
ನೂರಕ್ಕೆ ನೂರು ಒರಿಜಿನಲ್.
ಫುಲ್ ರೆಸ್ಟೋರ್ ಮಾಡಿಸಿದೆ. 6 ಲಕ್ಷ ಖರ್ಚಾಗಿದೆ, ಬಿಲ್ಲುಗಳಿವೆ.
ಎಂಜಿನ್ ಸೂಪರ್. ಸಣ್ಣಪುಟ್ಟ ಕೆಲಸ ಮಾತ್ರ ಬಾಕಿ.
ಆರ್‌ಸಿ ಇದೆ.
ಇದೇ ಕಾರು ವಿದೇಶದ ಹರಾಜಿನಲ್ಲಿ 20 ಲಕ್ಷಕ್ಕೆ ಹೋಗಿದೆ.
ಹೂಡಿಕೆಗೂ ಒಳ್ಳೆಯದು, ಬೆಲೆ ಇಳಿಯುವ ಮಾತೇ ಇಲ್ಲ.
ಬೆಲೆ 9.5 ಲಕ್ಷ, ಸ್ವಲ್ಪ ಹೆಚ್ಚುಕಮ್ಮಿ.
ನಿಜವಾದ ಆಸಕ್ತಿ ಇದ್ದವರು ಮಾತ್ರ ಫೋನ್ ಮಾಡಿ. ಟೈಂಪಾಸ್‌ನವರು ಬೇಡ.

ಇನ್ನು ಒಂದೊಂದೇ ಸಾಲು.

“1966ರ ಫಿಯಟ್ 1100 ಡಿಲೈಟ್, ಅಪರೂಪದ ವಿಂಟೇಜ್ ಕಾರು.”

ವಿಂಟೇಜ್ ಅನ್ನುವುದಕ್ಕೆ ನಮ್ಮಲ್ಲಿ ಮೂರು ಅಳತೆಗಳಿವೆ. ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ಹಳೇ ಕಾರುಗಳ ಕ್ಲಬ್ಬುಗಳ ಪದ್ಧತಿಯಲ್ಲಿ 1919ರಿಂದ 1930ರವರೆಗೆ ತಯಾರಾದವು ವಿಂಟೇಜ್. ಆಮೇಲಿನವು ಕ್ಲಾಸಿಕ್ ಇತ್ಯಾದಿ ಹೆಸರಿಗೆ ಸೇರುತ್ತವೆ. ಮೋಟಾರು ವಿಮೆಯ ಹಳೇ ದರಪಟ್ಟಿಯ ಪ್ರಕಾರ 1940ರ ಕೊನೆಗೆ ಮೊದಲು ತಯಾರಾಗಿ, ವಿಂಟೇಜ್ ಕಾರು ಸಂಘದ ಪ್ರಮಾಣಪತ್ರ ಪಡೆದ ಕಾರಿಗೆ ಪ್ರೀಮಿಯಂನಲ್ಲಿ ರಿಯಾಯಿತಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವಂತೂ 2021ರ ಜುಲೈನಲ್ಲಿ ಹೊರಡಿಸಿದ ನಿಯಮದಲ್ಲಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಕಾರು-ಬೈಕುಗಳನ್ನೆಲ್ಲ ಒಟ್ಟಿಗೆ ವಿಂಟೇಜ್ ಎಂದುಬಿಟ್ಟಿತು. ನಮ್ಮ ಡಿಲೈಟ್ ಮೂರನೆಯ ಬಾಗಿಲಿನಿಂದ ಮಾತ್ರ ಒಳಗೆ ಬರುತ್ತದೆ. ಆದರೆ ಮಾಲೀಕರು ಬೆಲೆ ಕಟ್ಟುವಾಗ ಅವರ ಕಣ್ಣ ಮುಂದೆ ಬರುವುದು ಮೊದಲನೆಯ ಬಾಗಿಲಿನ ಕಾರುಗಳು: ಮಹಾರಾಜರ ರೋಲ್ಸ್ ರಾಯ್ಸ್, ಹಿತ್ತಾಳೆಯ ಹಾರ್ನ್, ಕಡ್ಡಿ ಚಕ್ರ.

‘ಅಪರೂಪ’ ಎಂಬ ಮಾತನ್ನೂ ಸ್ವಲ್ಪ ತಡೆದು ನೋಡಬೇಕು. ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ಫಿಯಟ್ 1100ರ ವಂಶವನ್ನು ಐವತ್ತರ ದಶಕದಿಂದ ಶತಮಾನದ ಕೊನೆಯವರೆಗೆ ತಯಾರಿಸಿದರು. ಮೊದಮೊದಲಿನವುಗಳ ಮುಂಬಾಗಿಲು ಹಿಂದಿನಿಂದ ಕೀಲು ಹಾಕಿದ್ದು, ಉಲ್ಟಾ ತೆರೆಯುತ್ತಿತ್ತು. ಅವಕ್ಕೆ ಈಗ ಗಿರಾಕಿ ಇದ್ದಾರೆ. ಅರವತ್ತರ ದಶಕದ ನಡುವಿನಲ್ಲಿ ಬಂದ 1100ಡಿ, ಅಂದರೆ ಡಿಲೈಟ್, ಬಾಗಿಲನ್ನು ಎಲ್ಲರ ಹಾಗೆ ತೆರೆಯುತ್ತದೆ. ಅದೇ ಮೈಕಟ್ಟು ಎಪ್ಪತ್ತರ ದಶಕದಲ್ಲಿ ಫಿಯಟ್ ಹೆಸರು ಕಳಚಿ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, ಆಮೇಲೆ ಪದ್ಮಿನಿಯಾಗಿ ಮುಂದುವರಿಯಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್ ಕೊನೆಯವರೆಗೂ ರಸ್ತೆಯ ಮೇಲಿತ್ತು. ಕಾರಿನ ಹುಚ್ಚಿಲ್ಲದ ಕಣ್ಣಿಗೆ ಡಿಲೈಟ್ ಕೂಡ ಪದ್ಮಿನಿಯೇ. ಆ ಕಣ್ಣುಗಳು ಹೆಚ್ಚಿಗೆ ದುಡ್ಡು ಬಿಚ್ಚುವುದಿಲ್ಲ.

ಕಾರು ಕಡಿಮೆ ಉಳಿದಿದೆ ಎಂದಮಾತ್ರಕ್ಕೆ ಬೇಡಿಕೆ ಹುಟ್ಟುವುದೂ ಇಲ್ಲ. ಮದ್ರಾಸಿನಲ್ಲಿ ಎಪ್ಪತ್ತರ ದಶಕದಲ್ಲಿ ಕೆಲವೇ ವರ್ಷ ತಯಾರಾದ ಸ್ಟ್ಯಾಂಡರ್ಡ್ ಗೆಜೆಲ್ ಫಿಯಟ್‌ಗಿಂತ ಎಷ್ಟೋ ಅಪರೂಪ. ಆದರೆ ಕೊಳ್ಳಬಂದವರ ಮೊದಲ ಪ್ರಶ್ನೆ ‘ಸಾಮಾನು ಎಲ್ಲಿ ಸಿಗುತ್ತದೆ?’ ಎಂಬುದು. ಫಿಯಟ್ ಸಾಮಾನು ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿದರೆ ಇವತ್ತಿಗೂ ಸಿಕ್ಕೀತು. ಹಳೇ ಕಾರಿನ ಸಂತೆಯಲ್ಲಿ ಅಪರೂಪಕ್ಕಿಂತ ಸಾಮಾನಿಗೇ ಬೆಲೆ ಜಾಸ್ತಿ.

“ಒಂದೇ ಕುಟುಂಬದ ಕೈಯಲ್ಲಿದೆ. ಎಂವೈ ಸರಣಿಯ ಹಳೇ ನಂಬರು.”

ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳು ನಂಬರ್ ಪ್ಲೇಟಿನ ಮೇಲಿದ್ದರೆ ನೋಡಲು ಚೆಂದ. 1989ರಲ್ಲಿ ‘ಕೆಎ’ ಬಂದ ಮೇಲೆ ಅಂಥ ನಂಬರು ಹೊಸದಾಗಿ ಯಾರಿಗೂ ಸಿಗುವಂತಿಲ್ಲ. ಕರ್ನಾಟಕದೊಳಗಿನ ಗಿರಾಕಿ ಇದಕ್ಕಾಗಿ ಸ್ವಲ್ಪ ಹೆಚ್ಚು ಕೊಟ್ಟಾನು. ಕೊಚ್ಚಿಯವನಿಗೋ ಪುಣೆಯವನಿಗೋ ಕಾರನ್ನು ತನ್ನ ರಾಜ್ಯಕ್ಕೆ ಒಯ್ದು ಮರುನೋಂದಣಿ ಮಾಡಿಸುವ ತಾಪತ್ರಯವೇ ಮುಂದೆ ಕಾಣುತ್ತದೆ. ಅವನಿಗೆ ಈ ನಂಬರಿನಿಂದ ಲಾಭವಿಲ್ಲ.

‘ಒಂದೇ ಕುಟುಂಬ’ ಎಂಬುದಕ್ಕೆ ಇನ್ನೊಂದು ಅರ್ಥವೂ ಇರಬಹುದು: ಆರ್‌ಸಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. ಹಾಗಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗವಾಗಬೇಕು. ಅಜ್ಜನಿಗೆ ಐದು ಜನ ಮಕ್ಕಳು, ಒಬ್ಬರು ಅಮೆರಿಕದಲ್ಲಿ, ಇಬ್ಬರ ನಡುವೆ ಮಾತಿಲ್ಲ ಎಂದಾದರೆ ನೀವು ಕೊಳ್ಳುತ್ತಿರುವುದು ಕಾರಲ್ಲ, ಒಂದು ಪಾಲುಪಟ್ಟಿಯ ತಕರಾರು.

ಆ ಅಜ್ಜನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಇವತ್ತಿನ 9.5 ಲಕ್ಷದಲ್ಲಿ ಅವರ ಪಾಲೂ ಇದೆ. ಅವರು ಕಾರು ಕೊಂಡ ಕಾಲದಲ್ಲಿ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಕಾರು ತರುವ ಹಾಗಿರಲಿಲ್ಲ. 1959ರಿಂದಲೇ ಕಾರುಗಳ ಹಂಚಿಕೆ-ಮಾರಾಟಕ್ಕೆ ಸರ್ಕಾರದ ನಿಯಂತ್ರಣ ಆದೇಶವಿತ್ತು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಮುಂದೆ ಬೆಲೆಯನ್ನೂ ಸರ್ಕಾರವೇ ನಿಗದಿ ಮಾಡಿ, ಫಿಯಟ್, ಅಂಬಾಸಿಡರ್, ಹೆರಾಲ್ಡ್‌ಗಳಿಗೆ ನ್ಯಾಯವಾದ ಬೆಲೆ ಎಷ್ಟು ಎಂಬ ತಗಾದೆ ಸುಪ್ರೀಂ ಕೋರ್ಟಿನ ತನಕ ಹೋಯಿತು. ಕಾಯಲಾರದವರು ಕಾರು ಕೈಗೆ ಬಂದವರ ಹತ್ತಿರ ಪ್ರೀಮಿಯಂ ಕೊಟ್ಟು ಕೊಳ್ಳುತ್ತಿದ್ದರು. ಹೀಗೆ ಓಡಿಸಿದ ಫಿಯಟ್ಟಿಗೆ ಹೊಸ ಫಿಯಟ್ಟಿಗಿಂತ ಹೆಚ್ಚು ಬೆಲೆ ಬರುವುದನ್ನು ಒಂದು ತಲೆಮಾರು ಕಣ್ಣಾರೆ ಕಂಡಿದೆ. ‘ಫಿಯಟ್ ಅಂದರೆ ದುಡ್ಡು, ಕಡಿಮೆಗೆ ಬಿಡಬಾರದು’ ಎಂಬ ಮಾತು ಆ ಮನೆಗಳಲ್ಲಿ ಇವತ್ತಿಗೂ ನಡೆಯುತ್ತದೆ. ಆ ಬೆಲೆ ಹುಟ್ಟಿದ್ದು ಕಾರಿನ ಗುಣದಿಂದಲ್ಲ, ಕಾರಿನ ಬರದಿಂದ. ಬರ ಮುಗಿದು ನಾಲ್ಕು ದಶಕ ಆಗುತ್ತ ಬಂತು.

ಮಾರುಕಟ್ಟೆ ದುಡ್ಡು ಕೊಡುವ ಇತಿಹಾಸ ಯಾವುದೆಂದರೆ ಕಾಗದದ ಮೇಲಿರುವುದು. 1966ರ ಮೂಲ ಇನ್‌ವಾಯ್ಸ್, ತೆರಿಗೆ ಕಟ್ಟಿದ ಹಳೇ ಪುಸ್ತಕ, ಸರ್ವಿಸ್ ಚೀಟಿಗಳು, ಕಾರಿನೊಂದಿಗೆ ಬಂದ ಟೂಲ್ ಕಿಟ್ ಇದ್ದರೆ ಜಾಹೀರಾತಿನಲ್ಲಿ ಹಾಗೆಂದು ಬರೆಯಬೇಕಿತ್ತು. ಬರೆದಿಲ್ಲ.

“ನೂರಕ್ಕೆ ನೂರು ಒರಿಜಿನಲ್.”

ಮುಂದಿನ ಸಾಲಿನಲ್ಲೇ ‘ಫುಲ್ ರೆಸ್ಟೋರ್’ ಎಂದಿದೆ. ಎರಡೂ ಒಟ್ಟಿಗೆ ಪೂರ್ತಿ ನಿಜವಾಗಲಾರವು. ಕಾರ್ಖಾನೆಯ ಬಣ್ಣ, ಕಾರ್ಖಾನೆಯ ಸೀಟು, ಹುಟ್ಟಿದಾಗಿನ ಎಂಜಿನ್ ಉಳಿಸಿಕೊಂಡ ಕಾರು ಒಂದು ಜಾತಿ. ಬಿಚ್ಚಿ ಮತ್ತೆ ಕಟ್ಟಿದ ಕಾರು ಇನ್ನೊಂದು. ಎರಡಕ್ಕೂ ಗಿರಾಕಿಗಳಿದ್ದಾರೆ, ಆದರೆ ಅವರೇ ಇವರಲ್ಲ. ಅನುಭವಸ್ಥ ಸಂಗ್ರಾಹಕರು ಈಚೆಗೆ ಬಣ್ಣ ಮಾಸಿದರೂ ಕೈಯಾಡಿಸದ ಕಾರಿಗೇ ಹೆಚ್ಚು ಮನಸ್ಸು ಮಾಡುತ್ತಾರೆ.

ಫಿಯಟ್ ವಿಷಯದಲ್ಲಿ ಒರಿಜಿನಲ್ ಎಂಬುದನ್ನು ಕಂಡುಕೊಳ್ಳುವುದು ಕಷ್ಟವಲ್ಲ. ಡಿಲೈಟಿಗೂ ಪದ್ಮಿನಿಗೂ ಮೈ ಒಂದೇ ಆದ್ದರಿಂದ ಮೂರು ದಶಕಗಳ ರಿಪೇರಿಯಲ್ಲಿ ಪದ್ಮಿನಿಯ ಗ್ರಿಲ್, ಬಂಪರ್, ದೀಪಗಳು ಸದ್ದಿಲ್ಲದೆ ಬಂದು ಕೂತಿರುತ್ತವೆ. ಸ್ಟೀರಿಂಗ್ ಕಂಬದ ಮೇಲಿರಬೇಕಾದ ಗೇರ್ ಹಿಡಿಯನ್ನು ಕೆಲವರು ನೆಲಕ್ಕೆ ಇಳಿಸಿದ್ದಾರೆ. ಅಡ್ಡಕ್ಕೆ ಒಂದೇ ಉದ್ದ ಸೀಟಿರಬೇಕಾದಲ್ಲಿ ಬೇರೆ ಯಾವುದೋ ಕಾರಿನ ಎರಡು ಬಕೆಟ್ ಸೀಟುಗಳಿರುತ್ತವೆ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಎಂಜಿನ್ನಿನದು. ಪೆಟ್ರೋಲ್ ದುಬಾರಿಯಾದ ಕಾಲದಲ್ಲಿ 1089 ಸಿಸಿಯ ಮೂಲ ಎಂಜಿನ್ ತೆಗೆದು ಡೀಸೆಲ್ ಕೂರಿಸಿಕೊಂಡವರು ಬೇಕಾದಷ್ಟು. ಆರ್‌ಸಿಯಲ್ಲಿ ಇಂಧನದ ಕಡೆ ‘ಡೀಸೆಲ್’ ಎಂದಿದ್ದರೆ ಅಲ್ಲಿಗೆ ವಿಂಟೇಜ್ ಮಾತು ಮುಗಿಯಿತು. 2021ರ ನಿಯಮ ಚಾಸಿಸ್, ಬಾಡಿ, ಎಂಜಿನ್ ಮೂರರಲ್ಲೂ ದೊಡ್ಡ ಬದಲಾವಣೆಯನ್ನು ಒಪ್ಪುವುದಿಲ್ಲ. ಎಂಜಿನ್ ಬ್ಲಾಕಿನ ಮೇಲಿನ ನಂಬರನ್ನು ಟಾರ್ಚ್ ಹಿಡಿದು ಓದಿ ಆರ್‌ಸಿಗೆ ತಾಳೆ ನೋಡುವುದು ಐದು ನಿಮಿಷದ ಕೆಲಸ. ಅದರ ಮೇಲೆ ಒಂದು ಲಕ್ಷ ಅತ್ತಿತ್ತ ಆಗುತ್ತದೆ.

“ಫುಲ್ ರೆಸ್ಟೋರ್ ಮಾಡಿಸಿದೆ. 6 ಲಕ್ಷ ಖರ್ಚಾಗಿದೆ, ಬಿಲ್ಲುಗಳಿವೆ.”

ಇಡೀ ಜಾಹೀರಾತಿನ ಗುಟ್ಟು ಈ ಸಾಲಿನಲ್ಲಿದೆ. 9.5 ಲಕ್ಷ ಎಲ್ಲಿಂದ ಬಂತು ಎಂದರೆ ಇಲ್ಲಿಂದ: ಕಾರಿಗೆ ಇಷ್ಟು, ಖರ್ಚಿಗೆ 6, ಓಡಾಟಕ್ಕೆ, ಬೇಸರಕ್ಕೆ ಇನ್ನಷ್ಟು. ಮಾಲೀಕರು ಸುಳ್ಳು ಹೇಳುತ್ತಿಲ್ಲ. 6 ಲಕ್ಷ ನಿಜವಾಗಿಯೂ ಹೋಗಿರುತ್ತದೆ, 2 ಲಕ್ಷದ ಅಂದಾಜಿನಲ್ಲಿ ಶುರುವಾಗಿ ಹೋಗಿರುತ್ತದೆ. ಆದರೆ ಕೊಳ್ಳುವವನು ಬಿಲ್ಲನ್ನು ಕೊಳ್ಳುವುದಿಲ್ಲ. ಮದುವೆಗೆ ಖರ್ಚಾದಷ್ಟನ್ನೂ ಮನೆಯ ಕ್ರಯಕ್ಕೆ ಸೇರಿಸಿ ಕೇಳಿದ ಹಾಗಾಗುತ್ತದೆ ಇದು.

ಬಿಲ್ಲುಗಳನ್ನು ತರಿಸಿಕೊಂಡು ಓದುವುದು ಮಾತ್ರ ಲಾಭದ ಕೆಲಸ. ಅದರಲ್ಲಿ ಟಿಂಕರಿಂಗ್‌ಗೆ ಎಷ್ಟು, ಪೇಂಟಿಗೆ ಎಷ್ಟು, ಸೀಟಿಗೆ ಎಷ್ಟು ಎಂದು ಬಿಡಿಸಿ ನೋಡಿ. ತಗಡಿನ ಕೆಲಸಕ್ಕೆ ಹೋದ ದುಡ್ಡು ಕಾರಿನಲ್ಲಿ ಉಳಿದಿರುತ್ತದೆ. ಕೆಂಪು ರೆಕ್ಸಿನ್ನಿಗೆ, ಮ್ಯೂಸಿಕ್ ಸಿಸ್ಟಮ್ಮಿಗೆ, ಅಲಾಯ್ ವೀಲಿಗೆ, ಎಸಿಗೆ ಹೋದದ್ದು ಹೋದಂತೆಯೇ. ಎಷ್ಟೋ ಸಲ ಅವನ್ನು ತೆಗೆಸುವ ಖರ್ಚು ಕೊಂಡವನ ತಲೆಗೆ ಬರುತ್ತದೆ. ಮೂಲದಲ್ಲಿ ಇಲ್ಲದ ಮೆಟಾಲಿಕ್ ಬಣ್ಣ ಹೊಡೆಸಿದ್ದರೆ ಅದು ಆಸ್ತಿಯಲ್ಲ, ಸಾಲ.

ಫಿಯಟ್ 1100ಕ್ಕೆ ಲಾರಿಗಿರುವಂತೆ ಬೇರೆ ಚಾಸಿಸ್ ಚೌಕಟ್ಟು ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಅಂಚು, ಮೇಲಿನ ಮೈ ಎಲ್ಲ ಸೇರಿ ಭಾರ ಹೊರುತ್ತವೆ. ನೆಲಕ್ಕೆ ತುಕ್ಕು ಹಿಡಿದರೆ ಬೆನ್ನುಮೂಳೆಗೇ ಹಿಡಿದಂತೆ. ಆದ್ದರಿಂದ ಹೊಳಪಿಗೆ ಮರುಳಾಗದೆ ಮೊದಲು ಕೆಳಗೆ ನೋಡಬೇಕು. ಸಣ್ಣ ಅಯಸ್ಕಾಂತವೊಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಅಂಚು, ಹಿಂಚಕ್ರದ ಮೇಲಿನ ಕಮಾನು, ಹೆಡ್‌ಲೈಟಿನ ಸುತ್ತ ಇಟ್ಟು ನೋಡಿ. ತಗಡಿದ್ದಲ್ಲಿ ಟಕ್ಕನೆ ಕಚ್ಚುತ್ತದೆ, ಪುಟ್ಟಿ ಮೆತ್ತಿದಲ್ಲಿ ಜಾರುತ್ತದೆ. ಗೆಣ್ಣಿನಿಂದ ಬಡಿದರೆ ತಗಡು ಟಣ್ ಎನ್ನುತ್ತದೆ, ಪುಟ್ಟಿ ದಬ್ ಎನ್ನುತ್ತದೆ. ಪೆಡಲುಗಳ ಕೆಳಗಿನ ಮ್ಯಾಟ್ ಎತ್ತಿ ಬೆರಳಾಡಿಸಿ. ಅಲ್ಲಿ ಹೊಸ ಡಾಂಬರು ಬಣ್ಣ ದಪ್ಪಗೆ ಬಳಿದಿದ್ದರೆ ಅದರಡಿ ಏನೋ ಇದೆ. ಕೊನೆಗೆ ಬಾಗಿಲ ಕೆಳಗೆ ಜಾಕ್ ಕೊಟ್ಟು ಒಂದು ಬದಿ ಎತ್ತಿಸಿ, ಬಾಗಿಲು ತೆರೆದು ಮುಚ್ಚಿ. ನೆಲದ ಮೇಲಿದ್ದಾಗ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಎತ್ತಿದ ಮೇಲೆ ಕಂಬಕ್ಕೆ ಉಜ್ಜಿದರೆ ಕಾರಿನ ಮೈಬಿಗಿ ಹೋಗಿದೆ ಎಂದೇ ಲೆಕ್ಕ. ಮಾಲೀಕರು ಜಾಕ್ ಹಾಕಲು ಒಪ್ಪದಿದ್ದರೂ ಅದೇ ಲೆಕ್ಕ. ಉಡುಪಿ, ಮಂಗಳೂರಿನಂಥ ಕರಾವಳಿಯಲ್ಲಿ ಬೆಳೆದ ಕಾರಿಗೂ ಬಯಲುಸೀಮೆಯ ಶೆಡ್ಡಿನಲ್ಲಿ ನಿಂತ ಕಾರಿಗೂ ಬೆಲೆಯಲ್ಲಿ ವ್ಯತ್ಯಾಸ ಬೀಳುವುದು ಇದೇ ಕಾರಣಕ್ಕೆ.

ಅಮೆರಿಕದ ಹ್ಯಾಗರ್ಟಿ ಕಂಪನಿ ಹಳೇ ಕಾರುಗಳ ಬೆಲೆಪಟ್ಟಿ ಪ್ರಕಟಿಸುವಾಗ ಪ್ರತಿ ಕಾರಿಗೂ ನಾಲ್ಕು ಬೆಲೆ ಕೊಡುತ್ತದೆ. 1 ಎಂದರೆ ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವಂಥದ್ದು, 4 ಎಂದರೆ ಓಡುತ್ತದೆ ಆದರೆ ಕುಂದುಗಳು ಎದ್ದು ಕಾಣುತ್ತವೆ. ಒಂದೇ ಕಾರಿನ 1ಕ್ಕೂ 4ಕ್ಕೂ ನಡುವೆ ಹಲವು ಪಟ್ಟು ಅಂತರವಿರುತ್ತದೆ. ಜಗತ್ತಿನೆಲ್ಲೆಡೆ ಮಾರುವವರೆಲ್ಲ ತಮ್ಮ 3ನೇ ದರ್ಜೆಯ ಕಾರಿಗೆ 1ನೇ ದರ್ಜೆಯ ಬೆಲೆ ಓದುತ್ತಾರೆ. ಇದರಲ್ಲಿ ನಮ್ಮವರನ್ನು ಮಾತ್ರ ದೂರುವಂತಿಲ್ಲ.

“ಎಂಜಿನ್ ಸೂಪರ್. ಸಣ್ಣಪುಟ್ಟ ಕೆಲಸ ಮಾತ್ರ ಬಾಕಿ.”

6 ಲಕ್ಷ ಹಾಕಿದವರು ಸಣ್ಣಪುಟ್ಟದ್ದನ್ನು ಯಾಕೆ ಬಾಕಿ ಬಿಟ್ಟರು? ಸಾಮಾನ್ಯವಾಗಿ ಉತ್ತರ ಇಷ್ಟೇ: ಸಾಮಾನು ಸಿಗಲಿಲ್ಲ, ಇಲ್ಲವೇ ಮೆಕ್ಯಾನಿಕ್ ಕೈಚೆಲ್ಲಿದ. ನೋಡಲು ಹೋದಾಗ ಎಂಜಿನ್ ಬಿಸಿಯಾಗಿದ್ದರೆ ಆರುವ ತನಕ ಕಾಯಿರಿ, ಇಲ್ಲವೇ ಮಾರನೇ ದಿನ ಬನ್ನಿ. ತಣ್ಣಗಿನ ಎಂಜಿನ್ ಹತ್ತುವಾಗ ಬರುವ ಹೊಗೆಯ ಬಣ್ಣ ಬಿಲ್ಲಿಗಿಂತ ಹೆಚ್ಚು ಹೇಳುತ್ತದೆ. ಹೋಗಲಿ, ಫಿಯಟ್ ಎಂಜಿನ್ ಗಟ್ಟಿ ಜೀವ, ಕೆಟ್ಟರೂ ಕಟ್ಟಬಹುದು. ಬೆಲೆಯ ಜಗ್ಗಾಟದಲ್ಲಿ ಇದು ದೊಡ್ಡ ಸಂಗತಿಯಲ್ಲ.

“ಆರ್‌ಸಿ ಇದೆ.”

ಎರಡೇ ಪದ. ‘ಆರ್‌ಸಿ ಚಾಲ್ತಿಯಲ್ಲಿದೆ’ ಎಂದು ಬರೆದಿಲ್ಲ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಕಾರನ್ನು ಆರ್‌ಟಿಒ ಮುಂದೆ ನಿಲ್ಲಿಸಿ ಎಫ್‌ಸಿ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಈ ಶುಲ್ಕ 600 ರೂಪಾಯಿಯಿಂದ ಒಮ್ಮೆಗೇ 5,000 ರೂಪಾಯಿಗೆ ಏರಿತು. ಅದರ ಜೊತೆಗೆ ತಡದ ದಂಡ, ಹಸಿರು ತೆರಿಗೆ. ಶೆಡ್ಡಿನಲ್ಲಿ ಹದಿನೈದು-ಇಪ್ಪತ್ತು ವರ್ಷ ನಿಂತ ಕಾರಿನ ಆರ್‌ಸಿ ಹಳೇ ಪುಸ್ತಕದ ರೂಪದಲ್ಲಿ ಮನೆಯ ಬೀರುವಿನಲ್ಲಿ ಇರುತ್ತದೆ, ಆರ್‌ಟಿಒದ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಅದನ್ನು ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿ ಜೀವ ಕೊಡಿಸಬೇಕು. ಆ ಅಲೆದಾಟಕ್ಕೆ ಬೆಲೆ ಕಟ್ಟಲು ನನಗೆ ಧೈರ್ಯವಿಲ್ಲ.

50 ವರ್ಷ ದಾಟಿದ್ದಕ್ಕೆ ವಿಂಟೇಜ್ ನೋಂದಣಿ ಮಾಡಿಸಿಕೊಳ್ಳಬಹುದಲ್ಲ ಎಂದು ಮಾರುವವರು ಹೇಳುತ್ತಾರೆ. ಮಾಡಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಅವಧಿ 10 ವರ್ಷ. ಈಗಾಗಲೇ ನೋಂದಣಿ ಇರುವ ಕಾರು ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳುತ್ತದೆ, ಹೊಸದಾಗಿ ಬರುವುದಕ್ಕೆ ‘ವಿಎ’ ಅಕ್ಷರಗಳ ನಂಬರು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕೆ ಮಾತ್ರ. ಭಾನುವಾರ ಬೆಳಗ್ಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋಗಬೇಕೆಂದು ಫಿಯಟ್ ಹುಡುಕುವವರಿಗೆ ಇದು ಬೇಕಿಲ್ಲ. ಫಿಯಟ್ ಕೊಳ್ಳುವವರಲ್ಲಿ ಅಂಥವರೇ ಹೆಚ್ಚು.

ನನ್ನ ತೀರ್ಮಾನ ಕೇಳಿದರೆ, ಕಾಗದ ಚಾಲ್ತಿಯಲ್ಲಿರುವ ಸಾಧಾರಣ ಕಾರು ಕಾಗದ ಸತ್ತ ಸುಂದರ ಕಾರಿಗಿಂತ ಮೇಲು. ಎರಡನೆಯದಕ್ಕೆ ಮಾರುಕಟ್ಟೆ ಬೆಲೆ ಎಂಬುದಿಲ್ಲ. ಅದರ ಸಾಮಾನಿಗೆ ಗುಜರಿಯಲ್ಲಿ ಏನು ಬರುತ್ತದೋ ಅದೇ ಬೆಲೆ.

“ಇದೇ ಕಾರು ವಿದೇಶದ ಹರಾಜಿನಲ್ಲಿ 20 ಲಕ್ಷಕ್ಕೆ ಹೋಗಿದೆ.”

ಹೋಗಿರಬಹುದು. ಆದರೆ ಯಾವುದು ಹೋಯಿತು? ಇಟಲಿಯಲ್ಲಿ ಹುಟ್ಟಿದ ಎಡಗಡೆ ಸ್ಟೀರಿಂಗಿನ ಕಾರೋ ಕುರ್ಲಾದ ಬಲಗಡೆಯದೋ? ನಮ್ಮ ಮಾರುಕಟ್ಟೆ ಹೊರಗಿನದಕ್ಕೆ ಕಾಲುವೆ ತೋಡದ ಕೆರೆ. 1950ಕ್ಕೆ ಮೊದಲಿನ ಕಾರುಗಳನ್ನು ದೇಶದಾಚೆ ಕಳಿಸುವುದಕ್ಕೆ ರಫ್ತು ನೀತಿಯೇ ಅಡ್ಡ. ಆಮೇಲಿನ ಫಿಯಟ್ಟನ್ನು ಹಡಗಿಗೆ ಹಾಕುವ ಖರ್ಚಿನಲ್ಲಿ ಅಲ್ಲೇ ಒಂದನ್ನು ಕೊಳ್ಳಬಹುದು. ಹೀಗಾಗಿ ಅಲ್ಲಿನ ಮಟ್ಟ ಏರಿದರೆ ಇಲ್ಲಿ ನೀರು ಏರುವುದಿಲ್ಲ.

ಹರಾಜಿನ ಅಂಕಿಗಳನ್ನಾದರೂ ಬಿಡಿಸಿ ಓದಬೇಕು. ಪತ್ರಿಕೆಯಲ್ಲಿ ಬರುವ ಮೊತ್ತದಲ್ಲಿ ಕೊಂಡವರು ಹರಾಜು ಸಂಸ್ಥೆಗೆ ಕೊಟ್ಟ ಪ್ರೀಮಿಯಂ ಸೇರಿರುತ್ತದೆ, ಮಾರಿದವರಿಗೆ ಅಷ್ಟು ಸಿಕ್ಕಿರುವುದಿಲ್ಲ. ಮಾರುವವರು ಒಳಗೇ ಇಟ್ಟುಕೊಂಡ ಕನಿಷ್ಠ ಬೆಲೆಯನ್ನು ಬಿಡ್ ಮುಟ್ಟದಿದ್ದರೆ ಕಾರು ಮನೆಗೆ ವಾಪಸ್. 2019ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆದದ್ದನ್ನು ಕಾರಿನವರು ಇನ್ನೂ ಮರೆತಿಲ್ಲ. 1939ರ ಪೋರ್ಶೆ ಟೈಪ್ 64 ಆರ್‌ಎಂ ಸೋದೆಬೀಸ್ ಹರಾಜಿಗೆ ಬಂತು. ಸುಮಾರು 2 ಕೋಟಿ ಡಾಲರ್ ಬಂದೀತು ಎಂಬ ನಿರೀಕ್ಷೆಯಿತ್ತು. ಹರಾಜುಗಾರನ ಬಾಯಲ್ಲಿ ಬಂದ ‘ಥರ್ಟೀನ್’ ಪರದೆಯ ಮೇಲೆ ‘ಥರ್ಟಿ’ಯಾಗಿ ಮೂಡಿತು. ಸಭೆ ಹುಚ್ಚೆದ್ದಿತು. ಅಂಕಿ ಏರುತ್ತ ಏರುತ್ತ 7 ಕೋಟಿ ಡಾಲರ್ ಮುಟ್ಟಿದಾಗ, ತಾನು ಹೇಳಿದ್ದು ‘ಸೆವೆಂಟೀನ್’ ಮಿಲಿಯನ್, ಅಂದರೆ 1.7 ಕೋಟಿ, ಎಂದು ಹರಾಜುಗಾರ ತಿದ್ದಿದ. ಚಪ್ಪಾಳೆ ನಿಂತು ಕೂಗಾಟ ಶುರುವಾಯಿತು. ಕಾರು ಅವತ್ತು ಮಾರಾಟವಾಗಲೇ ಇಲ್ಲ. ಕೆಲವೇ ನಿಮಿಷಗಳಲ್ಲಿ 5 ಕೋಟಿಗೂ ಹೆಚ್ಚು ಡಾಲರ್ ಹುಟ್ಟಿ ಸತ್ತಿತು. ಕಾರು ಮಾತ್ರ ಇದ್ದಲ್ಲೇ ಇದ್ದ ಹಾಗೇ ಇತ್ತು.

“ಹೂಡಿಕೆಗೂ ಒಳ್ಳೆಯದು, ಬೆಲೆ ಇಳಿಯುವ ಮಾತೇ ಇಲ್ಲ.”

1988ರ ಆಗಸ್ಟಿನಲ್ಲಿ ಎಂಜೊ ಫೆರಾರಿ ತೀರಿಕೊಂಡ ಮೇಲೆ ಫೆರಾರಿಗಳ ಬೆಲೆ ಗಾಳಿಪಟವಾಯಿತು. ಮರುವರ್ಷ 250 ಜಿಟಿಒ ಒಂದು ಕೋಟಿ ಡಾಲರ್ ದಾಟಿ ಮಾರಾಟವಾಯಿತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅದೇ ಜಾತಿಯ ಕಾರು ಆ ಬೆಲೆಯ ಸಣ್ಣ ಪಾಲಿಗೆ ಕುಸಿಯಿತು. ಆಮೇಲೆ ಏರಿತು ನಿಜ. 2018ರಲ್ಲಿ ಒಂದು 4.84 ಕೋಟಿ ಡಾಲರಿಗೆ, 2023ರಲ್ಲಿ ಇನ್ನೊಂದು 5.17 ಕೋಟಿ ಡಾಲರಿಗೆ ಹೋಯಿತು. ಆದರೆ ಜಿಟಿಒ ಇರುವುದು ನಲವತ್ತರ ಹತ್ತಿರ ಮಾತ್ರ, ಅದಕ್ಕೇ ಇಂಥ ಗತಿ ಬಂದದ್ದುಂಟು ಎಂದರೆ ನಮ್ಮ ಡಿಲೈಟಿನ ಮಾತೇನು.

ಜನ ಕೊಳ್ಳುವುದು ತಮ್ಮ ಬಾಲ್ಯದ ಕಾರನ್ನು. ಫಿಯಟ್ಟಿನ ಹಿಂದಿನ ಸೀಟಿನಲ್ಲಿ ಬೆಳೆದವರಿಗೆ ಈಗ ಅರವತ್ತು ದಾಟಿದೆ; ಹಲವರು ಮಾರುವ ಯೋಚನೆಯಲ್ಲಿದ್ದಾರೆಯೇ ಹೊರತು ಕೊಳ್ಳುವ ಯೋಚನೆಯಲ್ಲಿಲ್ಲ. ನಲವತ್ತರ ಆಸುಪಾಸಿನವರು ಕಾಂಟೆಸ್ಸಾ ಹುಡುಕುತ್ತಾರೆ, ಮೊದಮೊದಲ ಮಾರುತಿ 800 ಹುಡುಕುತ್ತಾರೆ. ಮೈಸೂರಿನಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳಿಗೆ ಬಂದಿರುವ ಕಾಲ ನೋಡಿ. ಜೊತೆಗೆ ಶೆಡ್ಡಿನ ಬಾಡಿಗೆ, ವಿಮೆ, ಬ್ಯಾಟರಿ, ವರ್ಷಕ್ಕೊಮ್ಮೆಯಾದರೂ ಬ್ರೇಕ್ ಕೆಲಸ. ಇವನ್ನೆಲ್ಲ ಕಳೆದರೆ ಹೂಡಿಕೆಯ ಲಾಭ ಬ್ಯಾಂಕ್ ಠೇವಣಿಯ ಮುಂದೆ ನಾಚಿಕೊಳ್ಳುತ್ತದೆ. ಓಡಿಸುವ ಖುಷಿಗೆ ಕೊಳ್ಳಿ, ಆ ಮಾತು ಬೇರೆ.

“ಬೆಲೆ 9.5 ಲಕ್ಷ, ಸ್ವಲ್ಪ ಹೆಚ್ಚುಕಮ್ಮಿ.”

ಮಾರುವವರನ್ನು ‘ಇಷ್ಟು ಹೇಗೆ?’ ಎಂದು ಕೇಳಿದರೆ, ‘ಬೇರೆಯವರು 9, 10 ಕೇಳುತ್ತಿದ್ದಾರಲ್ಲ’ ಎನ್ನುತ್ತಾರೆ. ಕೇಳುತ್ತಿದ್ದಾರೆ, ಸರಿ. ಆದರೆ ಸರಿಯಾದ ಬೆಲೆಯ ಕಾರು ವಾರದಲ್ಲಿ ಹೋಗಿಬಿಡುತ್ತದೆ, ಅದರ ಜಾಹೀರಾತೂ ಮಾಯವಾಗುತ್ತದೆ. ತಿಂಗಳುಗಟ್ಟಲೆ ಕಣ್ಣಿಗೆ ಬೀಳುತ್ತಿರುವುದು ಹೋಗದೆ ಉಳಿದವು. ಅಂದರೆ ನಾವು ಬೆಲೆಪಟ್ಟಿ ಎಂದುಕೊಂಡು ಓದುತ್ತಿರುವುದು, ಯಾವ ಬೆಲೆಗೆ ಕಾರು ಮಾರಾಟವಾಗುವುದಿಲ್ಲ ಎಂಬುದರ ಪಟ್ಟಿ. ಹೊಸದಾಗಿ ಮಾರಲು ಬಂದವರು ಅದನ್ನೇ ನೋಡಿ ತಮ್ಮ ಬೆಲೆ ಕಟ್ಟುತ್ತಾರೆ, ಅವರದೂ ಉಳಿಯುತ್ತದೆ, ಪಟ್ಟಿ ಇನ್ನಷ್ಟು ಉದ್ದವಾಗುತ್ತದೆ. ಬ್ರೋಕರ್‌ಗಳೂ ಮೊದಲು ದೊಡ್ಡ ಮೊತ್ತವನ್ನೇ ಹೇಳುತ್ತಾರೆ. ಕಾರು ಅವರ ಕೈಗೆ ಬರಬೇಕಲ್ಲ.

ಕೈಬದಲಾದ ನಿಜವಾದ ಬೆಲೆ ಎಲ್ಲಿ ದಾಖಲಾಗುತ್ತದೆ? ನಮ್ಮಲ್ಲಿ ಎಲ್ಲೂ ಇಲ್ಲ. ಸೈಟು ಮಾರಿದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರದಲ್ಲಿ ಒಂದು ಮೊತ್ತವಾದರೂ ಇರುತ್ತದೆ, ಸರ್ಕಾರದ ಮಾರ್ಗಸೂಚಿ ದರ ಇರುತ್ತದೆ. ಕಾರು ಮಾರಿದಾಗ ತುಂಬುವ ಫಾರಂ 29ರಲ್ಲಿ ಮಾರಿದವರು, ಕೊಂಡವರು, ಚಾಸಿಸ್ ನಂಬರು, ಎಂಜಿನ್ ನಂಬರು ಎಲ್ಲ ಇದೆ. ಎಷ್ಟಕ್ಕೆ ಎಂಬ ಕಾಲಂ ಇಲ್ಲ. ಮಾತು ಮುಗಿದು ದುಡ್ಡು ಎಣಿಸಿದ ಮೇಲೆ ಮೊತ್ತ ಇಬ್ಬರ ಬಾಯಲ್ಲಿ ಉಳಿಯುತ್ತದೆ. ಮಾರಿದವರು ಹೆಚ್ಚು ಹೇಳುತ್ತಾರೆ, ಕೊಂಡವರು ಕಡಿಮೆ.

ಒಮ್ಮೊಮ್ಮೆ ಅಕಸ್ಮಾತ್ತಾಗಿ ಒಂದು ಅಂಕಿ ಬಯಲಿಗೆ ಬೀಳುತ್ತದೆ. 1983ರಲ್ಲಿ 20,000 ರೂಪಾಯಿಗೆ ಕೊಂಡ 1931ರ ಫೋರ್ಡ್ ಟೂರರ್ ಒಂದನ್ನು ಅದರ ಮಾಲೀಕರು ತೊಂಬತ್ತರ ದಶಕದ ಆರಂಭದಲ್ಲಿ 21 ಲಕ್ಷಕ್ಕೆ ಮಾರಿದರು. ಕಾರು ತಮ್ಮ ಸ್ವಂತ ಬಳಕೆಯ ವಸ್ತು, ಲಾಭಕ್ಕೆ ತೆರಿಗೆ ಬೀಳದು ಎಂದು ಅವರ ವಾದ. ಬಳಸಿದ್ದಕ್ಕೆ ಪುರಾವೆಯಿಲ್ಲ ಎಂದು ಬಾಂಬೆ ಹೈಕೋರ್ಟ್ ಇತ್ತೀಚೆಗೆ ಆ ವಾದವನ್ನು ತಳ್ಳಿಹಾಕಿತು. ಆದಾಯ ತೆರಿಗೆಯವರ ವ್ಯಾಜ್ಯ ಇಲ್ಲದಿದ್ದರೆ ಆ 21 ಲಕ್ಷ ಯಾರಿಗೂ ತಿಳಿಯುತ್ತಿರಲಿಲ್ಲ. ಇದನ್ನು ಓದಿ ಡಿಲೈಟ್ ಮಾಲೀಕರು ಹಿಗ್ಗಬೇಕಾಗಿಲ್ಲ: ಅದು ಮೊದಲನೆಯ ಬಾಗಿಲಿನ ಹತ್ತಿರದ ಕಾರು.

ಹಾಗಾದರೆ ಈ ಕಾರಿಗೆ ಎಷ್ಟು? ಲೆಕ್ಕದ ದಾರಿ ತೋರಿಸಲು ಕೆಲವು ಮೊತ್ತಗಳನ್ನು ಹಿಡಿದುಕೊಳ್ಳೋಣ. ಕಾಗದ ಚಾಲ್ತಿಯಲ್ಲಿರುವ, ತುಕ್ಕಿಲ್ಲದ, ಮೂಲ ಎಂಜಿನ್ನಿನ, ಚೆನ್ನಾಗಿ ಓಡುವ ಡಿಲೈಟ್ ಈಚೆಗೆ 5 ಲಕ್ಷಕ್ಕೆ ಕೈಬದಲಾಯಿತು ಎಂದು ಕ್ಲಬ್ಬಿನವರೋ ಫಿಯಟ್ ಮೆಕ್ಯಾನಿಕ್ಕೋ ಹೇಳಿದರು ಎನ್ನಿ. ಹೇಳಿದ ಬೆಲೆ ಬೇಡ, ಎಣಿಸಿದ ಬೆಲೆ ಹೇಳಿ ಎಂದು ಒತ್ತಾಯಿಸಿ ಕೇಳಿರಬೇಕು. ನಮ್ಮ ಕಾರನ್ನು ನೋಡಿದಾಗ ಪೆಡಲಿನ ಕೆಳಗೆ ನೆಲ ಮೆತ್ತಗಿತ್ತು: ತಗಡಿನ ಕೆಲಸಕ್ಕೆ 60,000. ಆರ್‌ಸಿ ಮುಗಿದು ವರ್ಷಗಳಾಗಿತ್ತು: ಶುಲ್ಕ, ದಂಡ, ಓಡಾಟ ಸೇರಿ 40,000. ಪದ್ಮಿನಿಯ ಗ್ರಿಲ್ಲು, ಬಕೆಟ್ ಸೀಟು ತೆಗೆದು ಮೂಲದ್ದು ಕೂರಿಸಲು 35,000. ‘ಸಣ್ಣಪುಟ್ಟ’ ಎಂದ ಬ್ರೇಕು, ಟಯರು, ವೈರಿಂಗ್‌ಗೆ 40,000. ಒಟ್ಟು 1,75,000 ಕಳೆದರೆ ಉಳಿದದ್ದು 3,25,000. ಕ್ರೋಮ್, ಪೇಂಟ್ ನಿಜಕ್ಕೂ ಅಚ್ಚುಕಟ್ಟಾಗಿದ್ದರೆ 50,000 ಸೇರಿಸಿ. 3.75 ಲಕ್ಷ. ಮಾಲೀಕರ 6 ಲಕ್ಷದ ಬಿಲ್ಲು ಈ ಲೆಕ್ಕದಲ್ಲಿ ಆ 50,000ದ ರೂಪದಲ್ಲಿ ಮಾತ್ರ ಕಾಣಿಸಿಕೊಂಡಿತು.

ಇದನ್ನು ಕೇಳಿ ಮಾಲೀಕರು ಬೈಯುತ್ತಾರೆ. ಬೈಯಲಿ. ಆರು ತಿಂಗಳು ಬಿಟ್ಟು ಅದೇ ಜಾಹೀರಾತು 7.5ಕ್ಕೆ ಇಳಿದು ಮತ್ತೆ ಬರುತ್ತದೆ.

“ನಿಜವಾದ ಆಸಕ್ತಿ ಇದ್ದವರು ಮಾತ್ರ ಫೋನ್ ಮಾಡಿ. ಟೈಂಪಾಸ್‌ನವರು ಬೇಡ.”

ಈ ಸಾಲು ಬರೆದವರಿಗೆ ಈಗಾಗಲೇ ಹಲವು ಫೋನುಗಳು ಬಂದಿವೆ, ಯಾರೂ 9.5ರ ಹತ್ತಿರ ಸುಳಿದಿಲ್ಲ ಎಂದು ತಿಳಿಯಿರಿ. ನೀವು ಫೋನ್ ಮಾಡುವುದಾದರೆ ಬೆಲೆಯ ಮಾತು ಎತ್ತಬೇಡಿ. ಆರ್‌ಸಿಯ ಎರಡೂ ಬದಿಯ ಫೋಟೊ, ಎಂಜಿನ್ ನಂಬರಿನ ಫೋಟೊ, ಮ್ಯಾಟ್ ಎತ್ತಿದ ನೆಲದ ಫೋಟೊ ಕಳಿಸಲು ಹೇಳಿ. ಮೂರೂ ಬಂದರೆ ಒಬ್ಬ ಫಿಯಟ್ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡಿ. ಬರದಿದ್ದರೆ ಹೋಗಬೇಡಿ. ಮತ್ತೆ, ಕಾರು ಕೊಂಡಿರೋ ಮಾರಿದಿರೋ, ಕೊನೆಗೆ ಎಣಿಸಿದ ಮೊತ್ತವನ್ನು ನಿಮ್ಮೂರಿನ ಹಳೇ ಕಾರು ಕ್ಲಬ್ಬಿನವರಿಗೆ ಇದ್ದದ್ದು ಇದ್ದ ಹಾಗೆ ತಿಳಿಸಿ. ಆ ಮೊತ್ತಕ್ಕೆ ಫಾರಂ 29ರಲ್ಲಿ ಜಾಗವಿಲ್ಲ.